ಆಂಜನಮ್ಮನ ಪಾಲಿಗೆ ಬಂದ ಕಾರು

ರಾಮಮೂರ್ತಿ ನಗರದ ಒಳರಸ್ತೆಯಲ್ಲಿ ಆಂಜನಮ್ಮನ ಮನೆ ಯಾವುದು ಅಂತ ಕೇಳಿದರೆ ಯಾರೂ ನಂಬರು ಹೇಳುವುದಿಲ್ಲ. "ಅಂಬಾಸಿಡರ್ ನಿಂತಿರೋ ಮನೆಯಾ?" ಅನ್ನುತ್ತಾರೆ. ಈಗ ಆ ಮಾತಿನಲ್ಲಿ ಒಂದು ಮರ್ಯಾದೆ ಇದೆ. ಹಿಂದೆ ಇರಲಿಲ್ಲ. ಆಗ ಆ ಕಾರು ಇಟ್ಟಿಗೆ ಪೇರಿಸಿದ ಕಂಬಗಳ ಮೇಲೆ ಕೂತಿತ್ತು. ಸೊಪ್ಪಿನವಳು ಬಾನೆಟ್ಟಿನ ಮೇಲೆ ಕೊತ್ತಂಬರಿ ಕಟ್ಟು ಹರಡಿಕೊಳ್ಳುತ್ತಿದ್ದಳು, ಬೀದಿ ಬೆಕ್ಕು ಹಿಂದಿನ ಸೀಟಿನಲ್ಲಿ ಮರಿ ಹಾಕುತ್ತಿತ್ತು. ಅದನ್ನು ಗುಜರಿಗೆ ಹಾಕು ಅಂತ ಬೀದಿಯವರೆಲ್ಲ ಹೇಳಿ ಸಾಕಾದರು.

"ಇರ್ಲಿ ಬುಡಿ," ಅನ್ನುತ್ತಿದ್ದಳು ಆಂಜನಮ್ಮ. "ಬಾಗಿಲು ತೆಗೆದಾಗೆಲ್ಲಾ ಅದು ಕಾಣ್ಬೇಕು. ಕಂಡಾಗೆಲ್ಲಾ ನನ್ ಹೊಟ್ಟೆ ಉರೀಬೇಕು."

ಹೊಟ್ಟೆ ಉರಿಸಿದವನು ಸ್ವಂತ ಅಣ್ಣ, ದೊಡ್ಡಮುನಿಯಪ್ಪ.

ಕಗ್ಗದಾಸಪುರ ಇನ್ನೂ ಹಳ್ಳಿಯಾಗಿದ್ದಾಗ ಇವರಪ್ಪ ಆ ಕಾರು ಕೊಂಡಿದ್ದ. ಊರಿಗೆಲ್ಲ ಅದೊಂದೇ ಕಾರು. ಬೆಳಗಾದರೆ ಡಿಕ್ಕಿ ತುಂಬ ಸೊಪ್ಪು, ಹೂಕೋಸು ಹೊತ್ತುಕೊಂಡು ಹಲಸೂರು ಮಾರ್ಕೆಟ್ಟಿಗೆ ಹೋಗುತ್ತಿತ್ತು. ರಾಗಿ ಕೊಯ್ದ ಹೊಲದಲ್ಲಿ ಅಪ್ಪ ಇಬ್ಬರು ಮಕ್ಕಳಿಗೂ ಓಡಿಸುವುದು ಕಲಿಸಲು ನೋಡಿದ. ಮಗ ಮೊದಲ ದಿನವೇ ಹುಲ್ಲಿನ ಬಣವೆಗೆ ನುಗ್ಗಿಸಿ, ಮೂಗು ಒಡೆದುಕೊಂಡು ಇಳಿದ. ಮಗಳು ಹೊತ್ತು ಮುಳುಗುವುದರೊಳಗೆ ರಿವರ್ಸು ಕೂಡ ಕಲಿತಳು. "ಅದಲುಬದಲಾಗಿ ಹುಟ್ಟವೆ ಕಣೇ ನಿನ್ ಮಕ್ಳು," ಅಂತ ಅಪ್ಪ ಹೆಂಡತಿಗೆ ಹೇಳಿ ನಕ್ಕ. ನಕ್ಕವನು ಮರೆತ. ಆ ನಗು ಮಗನ ಎದೆಯಲ್ಲಿ ಮುರಿದ ಮುಳ್ಳಾಗಿ ಉಳಿಯಿತು.

ಆಂಜನಮ್ಮ ಮದುವೆಯಾಗಿ, ಕೆ.ಆರ್. ಪುರದ ಕಡೆ ಟೆಲಿಫೋನು ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಳು. ಅಷ್ಟರಲ್ಲಿ ಹೊಲಗಳೆಲ್ಲ ಸೈಟಾಗಿ, ಸೈಟುಗಳೆಲ್ಲ ಅಪಾರ್ಟ್‌ಮೆಂಟಾಗಿ, ಅಪ್ಪನೂ ತೀರಿಕೊಂಡ. ಪಾಲಿನ ಮಾತು ಬಂದಾಗ ದೊಡ್ಡಮುನಿಯಪ್ಪ ತಂಗಿಯ ಕೈ ಹಿಡಿದುಕೊಂಡು, "ಆಂಜೀ, ನಿಂಗ್ಯಾಕೆ ಈ ಭೂಮಿ ತಂಟೆ? ಅಪ್ಪನ ಕಾರು ತಗೊಂಡೋಗು. ಅದಕ್ಕೂ ನೀನಂದ್ರೇನೇ ಪ್ರೀತಿ," ಅಂದ. ಅವಳಿಗೆ ಕಣ್ಣಲ್ಲಿ ನೀರೇ ಬಂತು. ಭೂಮಿಯಲ್ಲಿ ನನಗೇನೂ ಬೇಡ ಅಂತ ಸಹಿ ಹಾಕಿದಳು. ಹೆಣ್ಣು ಅಂದರೆ ಹೀಗಿರಬೇಕು ಅಂತ ಹಿರಿಯರು ತಲೆದೂಗಿದರು.

ಕಾರು ಬಂತು. ಟೆಂಪೋ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂತು. ಬ್ಯಾಟರಿ ಹೋಗಿರಬೇಕು ಅಂದುಕೊಂಡು ಆಂಜನಮ್ಮ ಬಾನೆಟ್ಟು ಎತ್ತಿದಳು. ಎಂಜಿನ್ ಇರಬೇಕಾದ ಜಾಗ ಹಾಳುಬಾವಿಯಂತೆ ಬಾಯಿ ತೆರೆದುಕೊಂಡಿತ್ತು. ಆ ಗುಂಡಿಯೊಳಗೆ ಒಂದು ಹೊಸ ಮೊರ. ಮೊರದಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಒಂದು ಪೊಟ್ಟಣ ಅರಿಶಿನ, ಒಂದು ಪೊಟ್ಟಣ ಕುಂಕುಮ.

ಫೋನು ಮಾಡಿದರೆ ಅಣ್ಣ ಗಹಗಹಿಸಿ ನಕ್ಕ. "ಕಾರು ಕೊಡ್ತೀನಿ ಅಂದೆ ಕಣಮ್ಮಿ. ಎಂಜಿನ್ ಕೊಡ್ತೀನಿ ಅಂತ ಯಾವಾಗ ಅಂದೆ? ಹೆಣ್ಮಕ್ಳ ಪಾಲು ಅರಿಶಿನ ಕುಂಕುಮ. ಮಡಗಿವ್ನಿ, ನೋಡ್ಕೋ."

ಅಷ್ಟಕ್ಕೇ ಬಿಟ್ಟಿದ್ದರೆ ಅವಳು ನುಂಗಿಕೊಳ್ಳುತ್ತಿದ್ದಳೋ ಏನೋ. ಆದರೆ ನೆಂಟರು ಕೇಳಿದಾಗ ದೊಡ್ಡಮುನಿಯಪ್ಪ ಬೇರೆಯೇ ಕಥೆ ಕಟ್ಟಿದ. ಎಂಜಿನ್ನನ್ನು ಅಪ್ಪನೇ ಕಡೇಗಾಲದಲ್ಲಿ ಕದ್ದುಮುಚ್ಚಿ ಮಾರಿಕೊಂಡಿದ್ದ, ಮಗಳಿಗೂ ಹೇಳದೆ ಕುಡಿದುಬಿಟ್ಟ ಅಂದ. ಹನಿ ಹೆಂಡ ಮುಟ್ಟದ ಮನುಷ್ಯನಿಗೆ ಸತ್ತ ಮೇಲೆ ಕುಡುಕ ಅನ್ನುವ ಹೆಸರು ಬಂತು. ಅವತ್ತು ಆಂಜನಮ್ಮ ಗಂಡನ ಮುಂದೆ ಒಂದೇ ಮಾತು ಹೇಳಿದಳು. "ಎಂಜಿನ್ ಬಿಚ್ಚಿದ್ದು ನಾನೇ ಅಂತ ಅವನ ಬಾಯಲ್ಲೇ, ಕುಲಸ್ಥರೆಲ್ಲಾರ ಮುಂದೆ ಹೇಳಿಸ್ತೀನಿ. ಅಲ್ಲೀವರ್ಗೂ ನಾನು ನಮ್ಮಪ್ಪನ ಮಗಳೇ ಅಲ್ಲ."

ಹಾವಿನ ದ್ವೇಷ ಹನ್ನೆರಡು ವರುಷ ಅಂತಾರೆ. ಇವಳದು ಅದನ್ನೂ ದಾಟಿತು. ಕೆಲಸದಿಂದ ನಿವೃತ್ತಳಾದ ವರ್ಷ ಗೌರಿ ಹಬ್ಬದ ಬಾಗಿನಕ್ಕೆ, ಹಗೆ ಹೊರಗೆ ತೋರಿಸದೆ, ತವರಿಗೆ ಹೋಗಿದ್ದಾಗ, ಕೈ ತೊಳೆಯಲು ಹಿತ್ತಲಿಗೆ ಹೋದಳು. ಅಲ್ಲಿ ತೆಂಗಿನಮರದ ಬುಡದಲ್ಲಿ ಒಂದು ಕಬ್ಬಿಣದ ಗುಡ್ಡೆ ಬಿದ್ದಿತ್ತು. ಅದಕ್ಕೆ ನಾಯಿ ಕಟ್ಟಿದ್ದರು. ತುಕ್ಕಿನ ನಡುವೆ ಒಂದು ಕಡೆ ಹಸಿರು ಬಣ್ಣ ಇಣುಕುತ್ತಿತ್ತು. ಗೇಟಿಗೆ ಬಳಿದು ಮಿಕ್ಕಿದ ಬಣ್ಣವನ್ನು ಅಪ್ಪ ಎಂಜಿನ್ನಿನ ಮುಚ್ಚಳಕ್ಕೆ ಬಳಿಸಿದ್ದು ಅವಳಿಗೆ ಗೊತ್ತಿತ್ತು. ಕುಂಚ ಹಿಡಿದವಳೇ ಅವಳು.

"ಅಣ್ಣಯ್ಯ, ಇದೇನಿದು?"

"ಯಾವುದೋ ಲಾರೀದು," ಅಂದ ದೊಡ್ಡಮುನಿಯಪ್ಪ, ರೆಪ್ಪೆ ಬಡಿಯದೆ.

"ಹಂಗಾದ್ರೆ ಈ ಸಲ ಸೀರೆ ಬ್ಯಾಡ. ಬಾಗಿನಕ್ಕೆ ಈ ಲಾರಿ ಕಬ್ಣಾನೇ ಕೊಡು."

ಒಳಗೆ ನೆಂಟರು ಕೂತಿದ್ದರು. ಇಲ್ಲ ಅಂದರೆ ಯಾಕೆ ಅಂತ ಕೇಳುತ್ತಾರೆ. ಅದೂ ಅಲ್ಲದೆ, ಮಳೆನೀರು ಕುಡಿದು ಸತ್ತ ಎಂಜಿನ್ನು ಇನ್ನೇನು ಮಾಡೀತು? "ತಗೊಂಡೋಗಿ ಉಪ್ಪಿನಕಾಯಿ ಹಾಕ್ಕೋ," ಅಂತ ಕೊಟ್ಟುಬಿಟ್ಟ. ಗೌರಿ ಬಾಗಿನ ಕೊಟ್ಟ ಮೇಲೆ ವಾಪಸು ಕೇಳುವಂತಿಲ್ಲ.

ಮನೆ ಮುಂದಿನ ಶೀಟಿನ ಚಾವಣಿಯ ಕೆಳಗೆ ಎಂಜಿನ್ನನ್ನು ಇಳಿಸಿದರು. ಶಿವಾಜಿನಗರದಲ್ಲಿ ಹಳೇ ಕಾರುಗಳ ಸಾಮಾನು ಮಾರುವ ವಾಜಿದ್ ಸಾಬರನ್ನು ಆಂಜನಮ್ಮ ಕರೆಸಿದಳು. ಅವರ ತಂದೆಯ ಅಂಗಡಿಯಿಂದಲೇ ಇವಳಪ್ಪ ಬಿಡಿಭಾಗ ತರುತ್ತಿದ್ದ. ವಾಜಿದ್ ಸಾಬರು ಬಗ್ಗಿ ಪ್ಲಗ್ಗಿನ ತೂತಿಗೆ ಟಾರ್ಚು ಬಿಟ್ಟರು.

"ಅಕ್ಕಾ, ಇದು ಎಂಜಿನ್ ಅಲ್ಲ, ಕಲ್ಯಾಣಿ. ಮೀನು ಬಿಡೋದೊಂದು ಬಾಕಿ."

"ಆಗುತ್ತೋ ಇಲ್ವೋ ಹೇಳಿ ಸಾಬ್ರೇ."

"ಬೇರೆ ಎಂಜಿನ್ ಕೊಡಿಸ್ತೀನಿ. ಇದರ ಅರ್ಧದಷ್ಟೂ ಕಷ್ಟ ಇಲ್ಲ."

"ಬೇರೇದು ಬ್ಯಾಡ. ಇದೇ ಉಸಿರಾಡ್ಬೇಕು."

ವಾಜಿದ್ ಸಾಬರು ಅವಳ ಮುಖ ನೋಡಿ, ಅಂಗಿಯ ತೋಳು ಮಡಚಿದರು. ಪಿಸ್ಟನ್ನು ನಾಲ್ಕೂ ಸಿಲಿಂಡರಿಗೆ ಕಚ್ಚಿಕೊಂಡಿದ್ದವು. ಡೀಸೆಲ್ಲಿಗೆ ಆಯಿಲ್ ಬೆರೆಸಿ ಹೊಯ್ದು ನೆನೆಹಾಕಿದರು. ಆಂಜನಮ್ಮ ದಿನಾ ಬೆಳಗ್ಗೆ ಮರದ ತುಂಡಿಟ್ಟು, ಕೊಡತಿಯಿಂದ ಪಿಸ್ಟನ್ನಿನ ತಲೆಗೆ ಮೆತ್ತಗೆ ಬಡಿಯುತ್ತಿದ್ದಳು. ಒಂದೊಂದು ಏಟಿಗೂ "ದೊಡ್ಡಮುನಿಯಪ್ಪಾ" ಅನ್ನುತ್ತಿದ್ದಳು.

"ಮೆಲ್ಲಗೆ ಅನ್ನೇ," ಅಂತ ಗಂಡ ಒಳಗಿನಿಂದ ಕೂಗುತ್ತಿದ್ದ. "ಪಕ್ಕದ ಮನೆಯೋರು ನಿಮ್ಮಣ್ಣ ಹೋಗ್ಬುಟ್ಟ ಅಂತ ಹೂವಿನ ಹಾರ ತಂದಾರು."

ಎಷ್ಟು ಬಡಿದರೂ ಅಲುಗದಿದ್ದ ಪಿಸ್ಟನ್ನು ಒಂದು ದಿನ ಕುಂಯ್ ಅಂತ ಜಾರಿತು. ಅವಳಿಗೆ ಹೆತ್ತ ಮಗು ಮೊದಲ ಸಲ ಅತ್ತಷ್ಟು ಸಂತೋಷ.

ಆಮೇಲೆ ಕೆಲಸವೋ ಕೆಲಸ. ಬ್ಲಾಕನ್ನು ಶಿವಾಜಿನಗರದ ಲೇತಿನವರಲ್ಲಿ ಕೊರೆಸಿದರು. ಅದಕ್ಕೆ ಸರಿಹೊಂದುವ ದಪ್ಪ ಪಿಸ್ಟನ್ನುಗಳನ್ನು ವಾಜಿದ್ ಸಾಬರು ಯಾವುದೋ ಅಟ್ಟದಿಂದ ಹೊರತೆಗೆದರು. ಎಂಟು ವಾಲ್ವುಗಳೂ ತಂತಮ್ಮ ಜಾಗಕ್ಕೇ ಹೋಗಬೇಕು, ಒಂದರದು ಇನ್ನೊಂದಕ್ಕೆ ಆಗದು. ಆಂಜನಮ್ಮ ಅಡುಗೆಮನೆಯಿಂದ ಎರಡು ಇಡ್ಲಿ ತಟ್ಟೆ ತಂದು, ಒಂದೊಂದು ಗುಳಿಗೆ ಒಂದೊಂದು ವಾಲ್ವಿಟ್ಟಳು. ಆ ವರ್ಷ ಆ ಮನೆಯಲ್ಲಿ ಇಡ್ಲಿ ಆಗಲಿಲ್ಲ. ವಾಲ್ವಿಗೆ ಮರಳಿನಂಥ ಪೇಸ್ಟು ಹಚ್ಚಿ, ರಬ್ಬರು ಕಚ್ಚಿಸಿದ ಕೋಲನ್ನು ಎರಡು ಅಂಗೈ ನಡುವೆ ಮಜ್ಜಿಗೆ ಕಡೆದ ಹಾಗೆ ತಿರುಗಿಸುತ್ತ ಕೂತರೆ ಅವಳಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಅಣ್ಣ ಯಾವ ಮಾತಿನಲ್ಲಿ ಒಪ್ಪಿಕೊಳ್ಳಬೇಕು, ಅದನ್ನು ಯಾರು ಯಾರು ಕೇಳಬೇಕು, ಎಲ್ಲವನ್ನೂ ಅವಳು ಆಗ ಕಡೆಯುತ್ತಿದ್ದಳು.

ಸಿಟ್ಟಿಗೆ ದಂಡವೂ ತೆತ್ತಳು. ಹೆಡ್ಡಿನ ಬೋಲ್ಟು ಬಿಗಿಯುವಾಗ ಅಣ್ಣ ನೆನಪಾಗಿ ಒಂದು ಸುತ್ತು ಜಾಸ್ತಿ ಎಳೆದಳು. ಬೋಲ್ಟು ಕಟಕ್ಕಂತ ಮುರಿಯಿತು. "ಕೋಪ ಸ್ಪ್ಯಾನರಿಗೆ ಹತ್ತಿಸಬೇಡಿ ಅಕ್ಕಾ," ಅಂದರು ವಾಜಿದ್ ಸಾಬರು. ಪಿಸ್ಟನ್ನಿನ ಉಂಗುರಗಳಿಗೆ ಇನ್ನೊಂದು ಕೂದಲೆಳೆ ಸಂದು ಬಿಡಿ, ಬಿಸಿಯಾದಾಗ ಹಿಗ್ಗೋಕೆ ಜಾಗ ಬೇಕು ಅಂತಲೂ ಹೇಳಿದರು. ಅದನ್ನು ಅವಳು ಕೇಳಲಿಲ್ಲ. "ಬಿಗಿಯಾಗೇ ಇರ್ಲಿ. ಅವನ ಮುಂದೆ ಒಂದ್ ಎಳೆ ಹೊಗೆ ಬರಬಾರ್ದು."

ಎಂಜಿನ್ನನ್ನು ಹೊಂಗೆಮರದ ಕೊಂಬೆಗೆ ಚೈನು ಕಟ್ಟಿ ಎತ್ತಿ ಕಾರಿನೊಳಗೆ ಇಳಿಸಿದರು. ಹಸಿರು ಮುಚ್ಚಳವನ್ನು ಮಾತ್ರ ಅವಳು ಉಜ್ಜಲಿಲ್ಲ. ಕಾರು ಮೊದಲ ಸಲ ಗುಡುಗಿದಾಗ ಸೊಪ್ಪಿನವಳು ಬುಟ್ಟಿ ಬಿಟ್ಟು ಓಡಿದಳು.

ಅಷ್ಟು ಹೊತ್ತಿಗೆ ದೊಡ್ಡಮುನಿಯಪ್ಪನ ಹಿರಿಮಗ ಗುರುಕಿರಣನಿಗೆ ಮದುವೆ ಗೊತ್ತಾಯಿತು. ಹುಡುಗಿ ಶಿವಾನಿ, ಬಾಗಲಕೋಟೆ ಕಡೆಯವಳು. ದೊಡ್ಡಮುನಿಯಪ್ಪನಿಗೆ ಇಬ್ಬರೂ ಗಂಡುಮಕ್ಕಳೇ. ಸೊಸೆ ಮನೆ ತುಂಬುವಾಗ ಗಂಡಿನ ಅಕ್ಕನೋ ತಂಗಿಯೋ ಬಾಗಿಲು ತಡೆದು ನಿಲ್ಲಬೇಕು, ಕೇಳಿದ್ದು ಕೊಟ್ಟರೆ ಮಾತ್ರ ದಾರಿ ಬಿಡಬೇಕು, ಆರತಿ ಎತ್ತಬೇಕು. ಅವರಿಲ್ಲದಿದ್ದರೆ ಆ ಹಕ್ಕು ಸೋದರತ್ತೆಯದು. ಹಾಗಾಗಿ ದೊಡ್ಡಮುನಿಯಪ್ಪನೇ ಎಲೆ ಅಡಿಕೆ ಹಿಡಿದು ಬಂದ. ಕಾರಿನ ಮೇಲೆ ಟಾರ್ಪಾಲು ಮುಚ್ಚಿತ್ತು.

"ಬಂದು ಬಾಗಿಲು ತಡಿ ಕಣಮ್ಮಿ. ಒಳ್ಳೇ ರೇಷ್ಮೆ ಸೀರೆ ತೆಗ್ದಿವ್ನಿ."

"ಬತ್ತೀನಿ ಅಣ್ಣಯ್ಯ," ಅಂದಳು ಆಂಜನಮ್ಮ. "ಚೆನ್ನಾಗಿ ತಡೀತೀನಿ."

ಛತ್ರದಲ್ಲಿ ತಾಳಿ ಕಟ್ಟಿದ ಮೇಲೆ ಅವಳು ಸದ್ದಿಲ್ಲದೆ ಮನೆಗೆ ಬಂದು, ವಾಜಿದ್ ಸಾಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟಳು. ಕಗ್ಗದಾಸಪುರದ ಸಂದಿಯಲ್ಲಿ ಅಣ್ಣನ ಮನೆ ಗೇಟಿಗೆ ಗೇಣು ಜಾಗ ಬಿಟ್ಟು ಉದ್ದಕ್ಕೂ ಕಾರು ನಿಲ್ಲಿಸಿದಳು. ಎಂಜಿನ್ ಆರಿಸಲಿಲ್ಲ. ಹೂವಿನ ಕಾರಿನಲ್ಲಿ ಮದುಮಕ್ಕಳು ಬಂದರು, ಹಿಂದೆ ನೆಂಟರು, ಬೀಗರು, ವೀಡಿಯೋದವರು. ದೊಡ್ಡಮುನಿಯಪ್ಪ ಇಳಿದವನು ಕಾರನ್ನು ನೋಡಿದ. ಆ ಸದ್ದು ಅವನಿಗೆ ಗುರುತು ಸಿಕ್ಕಿತು. ಮುಖ ಸುಟ್ಟ ಬದನೆಕಾಯಿ ಆಯಿತು.

"ಇದೇನು ನಾಟಕ? ತೆಗಿ ಅತ್ಲಾಗೆ."

"ಬಾಗಿಲು ತಡೆದಿವ್ನಿ ಅಣ್ಣಯ್ಯ. ನೀನೇ ಕರೆದಿದ್ದಲ್ವಾ?"

"ಸೀರೆ ಒಳಗೈತೆ. ಉಂಗುರಾನೂ ಕೊಡ್ತೀನಿ."

"ಅದೆಲ್ಲ ಬ್ಯಾಡ. ಈ ಎಂಜಿನ್ ಬಿಚ್ಚಿದೋರು ಯಾರು, ಹೇಳು. ಅಷ್ಟೇ ನನ್ನ ಉಡುಗೊರೆ."

ನೆಂಟರೆಲ್ಲ ಮುಖ ಮುಖ ನೋಡಿಕೊಂಡರು. ದೊಡ್ಡಮುನಿಯಪ್ಪ ಬೀಗರತ್ತ ತಿರುಗಿ, "ಇವಳಿಗೆ ಸ್ವಲ್ಪ ಹಂಗೇ..." ಅಂತ ಹಣೆ ಮುಟ್ಟಿ ತೋರಿಸಿದ. ಆದರೆ ಹುಡುಗಿಯ ಅಜ್ಜಿ ಶರಣವ್ವ ಬೀಗರ ಕಾರಿನ ಕಿಟಕಿಯಿಂದ ತಲೆ ಹೊರಹಾಕಿದಳು.

"ನಮ್ಮ ಕಡೀಗೂ ಹಿಂಗ ಐತ್ರೀ ಬೀಗರ. ಮನಿಮಗಳು ಕೇಳಿದ್ದು ಕೊಡೂಮಟ ನಮ್ಮ ಕೂಸು ಒಳಗ ಕಾಲ ಇಡೂದಿಲ್ಲ. ಬಂಗಾರ ಕೇಳಿಲ್ಲ, ಒಂದು ಮಾತು ಕೇಳ್ಯಾಳ. ಅದಕ್ಯಾಕ ಇಷ್ಟು ತಿಣುಕತೀರಿ?"

ರಾಹುಕಾಲ ಹತ್ತಿರವಾಗುತ್ತಿತ್ತು. ಪುರೋಹಿತರು ಕೈಗಡಿಯಾರ ನೋಡಿದರು. ಗುರುಕಿರಣ, "ಅಪ್ಪಾ, ಏನಿದ್ರೂ ಹೇಳ್ಬಿಡಿ," ಅಂದ. ದೊಡ್ಡಮುನಿಯಪ್ಪ ನೆಲ ನೋಡುತ್ತ ಏನೋ ಗೊಣಗಿದ.

"ಎಂಜಿನ್ ಸದ್ದಲ್ಲಿ ಕೇಳಿಸ್ಲಿಲ್ಲ," ಅಂದಳು ಆಂಜನಮ್ಮ. ಕೀಲಿ ತಿರುಗಿಸಿ ಆರಿಸಿದಳು. ಬೀದಿ ಗಪ್‌ಚಿಪ್ಪಾಯಿತು. "ಈಗ ಹೇಳು."

"ನಾನೇ ಬಿಚ್ಚಿದ್ದು."

"ಅಪ್ಪ ಮಾರಿ ಕುಡಿದಿದ್ದು?"

"ಸುಳ್ಳು. ಅಪ್ಪ ಮಾರಲಿಲ್ಲ. ಕುಡೀತಲೂ ಇರಲಿಲ್ಲ. ಸಾಕಾ?"

ಯಾರೋ ಮುದುಕರು "ಥೂ" ಅಂದದ್ದು ಕೇಳಿಸಿತು. ಆಂಜನಮ್ಮನ ಎದೆ ಹಗುರಾಯಿತು. ಇನ್ನು ದಾರಿ ಬಿಡೋಣ ಅಂತ ಕೀಲಿ ತಿರುಗಿಸಿದಳು. ಎಂಜಿನ್ ಉಂ ಅಂತು, ಅಲ್ಲಿಗೇ ನಿಂತಿತು. ಮತ್ತೆ ತಿರುಗಿಸಿದಳು, ಆಕ್ಸಿಲೇಟರು ಒತ್ತೊತ್ತಿ ತುಳಿದಳು. ಇಲ್ಲ. ಬಿಸಿಗೆ ಹಿಗ್ಗಿದ ಉಂಗುರಗಳು ಸಿಲಿಂಡರನ್ನು ಅವುಚಿ ಹಿಡಿದಿದ್ದವು. ಸೆಲ್ಫ್ ಸ್ಟಾರ್ಟರಿಗೆ ಅದನ್ನು ತಿರುಗಿಸುವ ತಾಕತ್ತಿರಲಿಲ್ಲ. ವಾಜಿದ್ ಸಾಬರು ಅವಳತ್ತ ನೋಡಿದರು.

ಗುಂಪಿನಲ್ಲಿ ಒಬ್ಬ ಕಿಸಕ್ಕೆಂದ. ದೊಡ್ಡಮುನಿಯಪ್ಪನ ತುಟಿಯ ಕೊನೆ ಮೇಲೇರಿತು. "ಡಬ್ಬಾ ಯಾವತ್ತಿದ್ರೂ ಡಬ್ಬಾನೇ," ಅಂದ. ಆಂಜನಮ್ಮ ಸ್ಟಿಯರಿಂಗನ್ನು ಒಮ್ಮೆ ಗುದ್ದಿದಳು. ಇಷ್ಟು ವರ್ಷದ ಉರಿ ಹೀಗೆ, ಅವನ ಬಾಗಿಲಲ್ಲೇ, ಅವನ ನಗೆಗೆ ಆರಿಹೋಗುವುದೇ?

"ತಳ್ಳಬೇಕು ಅಕ್ಕಾ," ಅಂದರು ವಾಜಿದ್ ಸಾಬರು ಮೆಲ್ಲಗೆ. "ನಾಲ್ಕು ಮಾರು ತಳ್ಳಿದ್ರೆ ಹಿಡ್ಕೊಳುತ್ತೆ. ನಾನು ಇಳೀಲಾ?"

ಆಂಜನಮ್ಮ ಅವರ ತೋಳು ಹಿಡಿದು ಕೂರಿಸಿದಳು. ಕಿಟಕಿಯಿಂದ ತಲೆ ಹೊರಹಾಕಿ ಹಿಂದೆ ನೋಡಿದಳು.

"ಅಣ್ಣಯ್ಯ, ಗೇಟು ನಿಂದು, ಸೊಸೆ ನಿನ್ನೋಳು, ರಾಹುಕಾಲಾನೂ ನಿಂದೇ. ತಳ್ಳು."

"ನಾನಾ?"

"ಬಿಚ್ಚಿದ ಕೈ ಅಲ್ವಾ? ತಳ್ಳು."

"ಅಯ್ಯ, ತಳ್ರಿ ಬೀಗರ, ಲಗೂನ!" ಅಂದಳು ಶರಣವ್ವ.

ದೊಡ್ಡಮುನಿಯಪ್ಪ ಸುತ್ತ ನೋಡಿದ. ಮಗ ಬೇರೆ ಕಡೆ ಮುಖ ತಿರುಗಿಸಿದ. ಆಳುಗಳು ಛತ್ರದಲ್ಲಿದ್ದರು. ರೇಷ್ಮೆ ಪಂಚೆ ಎತ್ತಿ ಕಟ್ಟಿ, ಡಿಕ್ಕಿಗೆ ಭುಜ ಕೊಟ್ಟ. ಮುಕ್ಕಿರಿದ, ತೇಕಿದ, ಪೇಟ ಕಣ್ಣ ಮೇಲೆ ಜಾರಿತು. ಕಾರು ಉರುಳಿತು. ಆಂಜನಮ್ಮ ಗೇರಿಗೆ ಹಾಕಿ ಕ್ಲಚ್ಚು ಬಿಟ್ಟಳು. ಕುಡಿದ ಪೆಟ್ರೋಲನ್ನೆಲ್ಲ ಕಕ್ಕಿಕೊಂಡು ಎಂಜಿನ್ ಒಮ್ಮೆಲೇ ಗುಡುಗಿತು. ಸೈಲೆನ್ಸರಿನಿಂದ ಮಸಿಯ ಮೋಡವೊಂದು ಹೊರಟು ದೊಡ್ಡಮುನಿಯಪ್ಪನನ್ನು ಪಂಚೆಯಿಂದ ಪೇಟದವರೆಗೆ ಮುಳುಗಿಸಿತು.

ವಾಜಿದ್ ಸಾಬರು ಕನ್ನಡಿಯಲ್ಲಿ ನೋಡಿ, "ಒಂದ್ ಎಳೆ ಹೊಗೆ ಬರಬಾರದು ಅಂದಿದ್ರಿ," ಅಂದರು.

"ಬುಡಿ ಸಾಬ್ರೇ," ಅಂದಳು ಆಂಜನಮ್ಮ. "ಒಂದೆಳೆ ಅಲ್ವಲ್ಲ."

ಮುಂದಿನ ತಿರುವಿನಲ್ಲಿ ಕಾರು ನಿಲ್ಲಿಸಿ ನಡೆದು ಬಂದಳು. ಶಿವಾನಿಗೆ ತುಂಬು ಮನಸ್ಸಿನಿಂದ ಆರತಿ ಎತ್ತಿ, ಕೈ ಹಿಡಿದು ಒಳಗೆ ಕರೆದುಕೊಂಡಳು. ಆ ಹುಡುಗಿಯ ಮೇಲೆ ಅವಳಿಗೇನು ಹಗೆ? ಸೀರೆ ಮುಟ್ಟಲಿಲ್ಲ, ಎಲೆ ಮುಂದೆ ಕೂರಲಿಲ್ಲ.

ಆದರೆ ವೀಡಿಯೋದವರ ಹತ್ತಿರ ಒಂದು ಫೋಟೋ ಕೇಳಿ ತಂದಳು. ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾಳೆ. ಮೈಯೆಲ್ಲ ಮಸಿಯಾಗಿ, ಬಾಯಿ ಬಿಟ್ಟುಕೊಂಡು ರಸ್ತೆಯಲ್ಲಿ ನಿಂತ ದೊಡ್ಡಮುನಿಯಪ್ಪ. ಮನೆಗೆ ಬಂದವರು ಯಾರಿದು ಅಂತ ಕೇಳಿಯೇ ಕೇಳುತ್ತಾರೆ. ಕಾಫಿ ಲೋಟ ಕೈಗೆ ಕೊಡುತ್ತ ಆಂಜನಮ್ಮ ಹೇಳುತ್ತಾಳೆ: "ನಮ್ಮಣ್ಣಯ್ಯ. ಓಡಿಸೋಕೆ ಬರಲ್ಲ ಪಾಪ. ತಳ್ಳೋದ್ರಲ್ಲಿ ಮಾತ್ರ ಬಲು ಗಟ್ಟಿ."