ಕುರ್ಚಿಗಳನ್ನು ಮಾಳಿಗೆಗೆ ಹಾಕಿದ ದಿನ

ನಮ್ಮ ಮನೆಯ ಅಟ್ಟದ ಮೇಲೆ, ಖಾಲಿ ಯೂರಿಯಾ ಚೀಲವೊಂದರಲ್ಲಿ, ಬೇವಿನ ಎಲೆಗಳ ಜೊತೆ ಒಂದು ಜಮಖಾನ ಹನ್ನೆರಡು ವರ್ಷ ಮಡಚಿಕೊಂಡು ಬಿದ್ದಿತ್ತು. ನವಲಗುಂದದ ಕೈಮಗ್ಗದ್ದು, ಕೆಂಪು, ಕಪ್ಪು, ಹಳದಿಯ ಪಟ್ಟಿಗಳು, ನಡುವೆ ಪಗಡೆಹಾಸಿನ ಚೌಕಳಿ, ಎರಡೂ ತುದಿಗೆ ಕೊರಳು ತಿರುಗಿಸಿ ನಿಂತ ನವಿಲುಗಳು. ಎತ್ತುವುದಕ್ಕೆ ಇಬ್ಬರು ಬೇಕು, ಅಂಥ ಭಾರ. ಅದನ್ನು ಅಟ್ಟಕ್ಕೆ ಏರಿಸಿದವಳು ನಾನೇ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಊರನ್ನೆಲ್ಲ ಬೈಯುವಾಗ, ‘ನೀನೇನು ಮಾಡಿದ್ದೆ ತಾಯಿ?’ ಎಂದು ನೀವು ನನ್ನ ಬಾಯಿ ಮುಚ್ಚಿಸಬಾರದಲ್ಲ, ಅದಕ್ಕೆ.

ನಾನು ವ್ಯಾಪಾರದ ಹೆಂಗಸು. ಸೀರೆಯ ಗಂಟನ್ನು ತಲೆಯ ಮೇಲೆ ಹೊತ್ತು, ಎರೆಮಣ್ಣಿನ ಹಾದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು, ಊರೂರು ತಿರುಗಿ ಅಂಗಡಿ ಕಟ್ಟಿಕೊಂಡವಳು. ಆ ದಿನಗಳಲ್ಲಿ ಯಾವ ಮನೆಯ ಕಟ್ಟೆಗೆ ಗಂಟು ಇಳಿಸಿದರೂ, ಕುಡಿಯುವ ನೀರಿಗಿಂತ ಮೊದಲು ಪಡಸಾಲೆಯಲ್ಲಿ ಜಮಖಾನ ಬಿಚ್ಚಿಕೊಳ್ಳುತ್ತಿತ್ತು. ಈಗ ನಿಮಗೆ ನನ್ನ ಕಸುಬಿನ ಗುಟ್ಟೊಂದನ್ನು ಬಿಟ್ಟಿಯಾಗಿ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ: ನೆಲಕ್ಕೆ ಕೂತ ಮನುಷ್ಯ ಥಟ್ಟನೆ ಏಳಲಾರ. ಏಳಬೇಕೆಂದರೆ ಮಡಚಿದ ಕಾಲು ಬಿಡಿಸಬೇಕು, ಅಂಗೈ ಊರಬೇಕು, ಒಮ್ಮೆ ‘ಶಿವಾ’ ಎನ್ನಬೇಕು, ಸೆರಗನ್ನೋ ಧೋತರವನ್ನೋ ಸರಿಪಡಿಸಿಕೊಳ್ಳಬೇಕು. ಅಷ್ಟರೊಳಗೆ ‘ಬ್ಯಾಡ ಬಿಡ್ರಿ’ ಎಂದು ಹೊರಟ ಗಿರಾಕಿಯ ಮುಂದೆ ನಾನು ಇನ್ನೆರಡು ಮಾತು ಇಟ್ಟಿರುತ್ತಿದ್ದೆ, ಅವಳ ಮನಸ್ಸು ಅರ್ಧ ತಿರುಗಿರುತ್ತಿತ್ತು. ನನ್ನ ಬದುಕು ನಿಂತಿರುವುದು ಆ ಅರೆಗಳಿಗೆಯ ಮೇಲೆ. ಊರಿನ ಬದುಕೂ ಅದರ ಮೇಲೇ ನಿಂತಿತ್ತು ಎಂದು ನನಗೆ ಗೊತ್ತಾದದ್ದು ಈ ಶ್ರಾವಣದಲ್ಲಿ.

ಜಮಖಾನವನ್ನು ನಾನು ಕೊಂಡದ್ದು ಖಾತೂನಬಿಯಿಂದ. ಮನೆಯೊಳಗಿನ ಕತ್ತಲೆಯಲ್ಲಿ, ನಿಲುವು ಮಗ್ಗದ ಮುಂದೆ ಕೂತು, ಕಬ್ಬಿಣದ ಪಂಜದಿಂದ ನೂಲನ್ನು ಬಡಿಬಡಿದು ಕೂಡಿಸುತ್ತಿದ್ದಳು. ಸೀರೆಗೆ ಜಮಖಾನ ಎಂದು ಬದಲಿನ ವ್ಯಾಪಾರ ಹಚ್ಚಿದೆ. ಅವಳು ನಾಲ್ಕು ಸೀರೆ ಕೇಳಿದಳು, ನಾನು ಎರಡಕ್ಕೆ ನಿಂತೆ, ಸಂಜೆಯ ಹೊತ್ತಿಗೆ ಮೂರಕ್ಕೆ ಬಂದೆವು.

“ಮೂರಕ್ಕ ಕೊಡ್ತೀನಿ ಅಕ್ಕಾ, ಆದ್ರ ಒಂದು ಮಾತು. ಇದನ್ನ ಮಡಚಿ ಇಡಬ್ಯಾಡ್ರಿ. ಹಾಸ್ರಿ. ಮಂದಿ ಕುಂತಷ್ಟು ಇದು ಮೆತ್ತಗ ಆಗ್ತೈತಿ,” ಎಂದಳು.

ಆ ಶರತ್ತಿಗೆ ಖರ್ಚೇನೂ ಇರಲಿಲ್ಲವಾದ್ದರಿಂದ ನಾನು ಕೂಡಲೇ ಒಪ್ಪಿದೆ. ಇಷ್ಟು ವರ್ಷದ ವ್ಯಾಪಾರದಲ್ಲಿ ನಾನು ಮಾತಿಗೆ ತಪ್ಪಿದ್ದು ಅದೊಂದರಲ್ಲೇ.

ತಪ್ಪಿಸಿದ್ದು ಪ್ಲಾಸ್ಟಿಕ್ ಕುರ್ಚಿ. ಮೊದಲು ಮದುವೆಗೆ ಬಾಡಿಗೆಯ ಅತಿಥಿಯಾಗಿ ಬಂದ ಈ ನಾಲ್ಕು ಕಾಲಿನ ಪ್ರಾಣಿ ಆಮೇಲೆ ಪಡಸಾಲೆಗೆ ಹೊಕ್ಕು ಮನೆಯ ಯಜಮಾನನಾಗಿಬಿಟ್ಟಿತು. ಹಗುರ, ಒಂದರ ಮೇಲೊಂದು ಏರುತ್ತದೆ, ನೀರು ಹಾಕಿದರೆ ತೊಳೆದಂತಾಯಿತು. ನಾನೂ ಮರುಳಾಗಿ ಆರು ತಂದೆ, ನೀಲಿ ಬಣ್ಣದವು. ತಂದು ಹನ್ನೆರಡು ವರ್ಷ ಅದರ ಗುಣಗಾನ ಮಾಡಿದವಳಿಗೆ ಈಗ ಅದರ ನಡತೆ ತಿಳಿಯುತ್ತಿದೆ, ಮೈ ಉರಿಯುತ್ತಿದೆ. ಜಮಖಾನದ ಮೇಲೆ ಎಷ್ಟು ಜನ ಹಿಡಿಸುತ್ತಾರೆ ಎಂದು ಯಾರಾದರೂ ಎಣಿಸಿದ್ದರೇ? ಬಂದವನಿಗೆ ಇದ್ದವರು ತುಸು ಸರಿದರೆ ಜಾಗವಾಯಿತು. ಕುರ್ಚಿಯಲ್ಲಿ ಸರಿಯುವುದೆಂಬುದೇ ಇಲ್ಲ. ಆರು ಎಂದರೆ ಆರು. ಏಳನೆಯವನು ಗೋಡೆಗೆ ಒರಗಬೇಕು. ಜಮಖಾನಕ್ಕೆ ಅಂಚು ಎಂಬುದೊಂದು ಇದೆ, ಅಂಚಿನಲ್ಲಿ ಕೂತವಳೂ ಕೂತವಳೇ. ಕುರ್ಚಿಗೆ ಅಂಚಿಲ್ಲ. ಅದಕ್ಕೆ ಇರುವುದು ಬೆನ್ನು ಮಾತ್ರ, ಅದನ್ನು ಮುಂದಿನವನು ಹಿಂದಿನವನಿಗೆ ತೋರಿಸುತ್ತಾನೆ. ಇದನ್ನು ಅನುಕೂಲ ಎನ್ನುತ್ತಾರೆ. ಯಾರಿಗೆ ಅನುಕೂಲ?

ನನ್ನ ತಂಗಿ ಗಂಗವ್ವನನ್ನು ಕೇಳಿ. ಅವಳ ಗಂಡ ಶಿವಪ್ಪನ ಹೊಲ ಒಳಗಿದೆ. ದಾರಿಯ ಕಡೆಯ ಹೊಲ ಅವನ ಅಣ್ಣ ಬಸಪ್ಪನದು. ಚಕ್ಕಡಿಯ ಕಾಲದಲ್ಲಿ ಬದುವಿನ ಗುಂಟ ಎತ್ತು ಹೊಡೆದುಕೊಂಡು ಹೋದರೆ ಮುಗಿಯಿತು, ಪಾಲಿನ ಕಾಗದದಲ್ಲಿ ಹಾದಿಯ ಮಾತೇ ಬರಲಿಲ್ಲ. ಈಗ ಎತ್ತೂ ಹೋದವು, ಚಕ್ಕಡಿಯೂ ಹೋಯಿತು. ಹೆಸರುಕಾಳಿನ ಕಟಾವಿಗೆ ಬರುವ ಮಷೀನಿನ ಅಗಲಕ್ಕೆ ಬದು ಎಲ್ಲಿಂದ ಸಾಲಬೇಕು? ಬಸಪ್ಪನ ಬೆಳೆಯನ್ನು ತುಳಿದೇ ಒಳಗೆ ಹೋಗಬೇಕು. ಈ ಶ್ರಾವಣದಲ್ಲಿ ಗಂಗವ್ವನ ಹೆಸರಿನ ಕಾಯಿ ಕಪ್ಪಾಗಿ ನಿಂತಿತ್ತು, ಮೋಡ ದಿನಾ ಸಂಜೆ ಬಂದು ಹೆದರಿಸಿ ಹೋಗುತ್ತಿತ್ತು. ಮಳೆ ಹಿಡಿದರೆ ಕಾಳು ಗಿಡದಲ್ಲೇ ಮೊಳಕೆಯೊಡೆಯುತ್ತದೆ. ವರ್ಷದ ದುಡಿಮೆ ದನಕ್ಕೂ ಬೇಡವಾಗುತ್ತದೆ. ಮಷೀನು ನಮ್ಮೂರಲ್ಲಿ ಇರುವುದು ಇನ್ನು ನಾಲ್ಕೇ ದಿನ.

ಮಾತಾಡಿ ಬಗೆಹರಿಸೋಣವೆಂದು ಬಸಪ್ಪನ ಹೊಸ ಮನೆಯ ಹಾಲಿನಲ್ಲಿ ಸೇರಿದೆವು. ಏಳು ಕುರ್ಚಿ, ಹತ್ತು ಜನ. ‘ನೀವು ಕುಂದರ್ರಿ, ನೀವು ಕುಂದರ್ರಿ’ ಎನ್ನುವುದರಲ್ಲೇ ಮೊದಲ ಕಾಲುಗಂಟೆ ಹೋಯಿತು. ಬಸಪ್ಪ ಎತ್ತರದ ಬೆನ್ನಿನ ಕುರ್ಚಿಯಲ್ಲಿ, ಶಿವಪ್ಪ ಬಾಗಿಲ ಬಳಿಯ ಸ್ಟೂಲಿನ ಮೇಲೆ. ಅಣ್ಣತಮ್ಮಂದಿರ ನಡುವೆ ಒಂದು ಗೇಣಿನ ಎತ್ತರವನ್ನು ಆ ಸಾಮಾನೇ ಹುಟ್ಟಿಸಿಬಿಟ್ಟಿತು. ಹಿರಿಯಳೆಂದು ನನಗೊಂದು ಕುರ್ಚಿ ಸಿಕ್ಕಿತು, ಕೂತೆ. ಗಂಗವ್ವ ಅಡುಗೆಮನೆಯ ಚೌಕಟ್ಟಿಗೆ ಒರಗಿ ನಿಂತಳು.

“ಬಸಪ್ಪಣ್ಣ, ನಾಕು ದಿನದ ಹಾದಿ ಕೇಳಾಕ ಬಂದೀವಿ,” ಎಂದೆ.

“ಹಾದಿ ಯಾಕ್ರಿ ಅಕ್ಕಾರ? ನನ್ನ ಕೇಳಿ ಮಷೀನಿಗಿ ಹೇಳ್ಯಾನೇನು ಅವ? ಹಾರಿಸ್ಕೊಂಡು ಹೋಗ್ಲಿ ಮ್ಯಾಲಿಂದ.”

“ಹಾರಿಸ್ತೀನಿ. ನಿನ್ನ ಹೊಸ ಮಾಳಿಗಿ ಮ್ಯಾಲ ಇಳಿಸ್ತೀನಿ, ತಡಿ,” ಎಂದ ಶಿವಪ್ಪ.

ಅಷ್ಟೇ. ಬಸಪ್ಪ ಎದ್ದ. ಏಳುವುದಕ್ಕೆ ಏನು ತ್ರಾಸು, ಕುರ್ಚಿ ಅವನನ್ನು ಅರ್ಧ ಎಬ್ಬಿಸಿಯೇ ಇಟ್ಟಿತ್ತು! ಅದು ಹಿಂದಕ್ಕೆ ಬಿತ್ತು, ಅವನು ಹೊರಗೆ ಹೋದ. ಶಿವಪ್ಪನ ಸ್ಟೂಲೂ ಉರುಳಿತು. ಮನೆಯ ಯಜಮಾನನೇ ಮನೆ ಬಿಟ್ಟು ಹೋದ ಮೇಲೆ ಉಳಿದ ನಾವು ಖಾಲಿ ಕುರ್ಚಿಗಳ ಮುಖ ನೋಡುತ್ತ ಕೂತೆವು. ಗಂಗವ್ವ ಏನೋ ಹೇಳಲು ಬಾಯಿ ತೆರೆದಿದ್ದಳು, ಹಾಗೇ ಮುಚ್ಚಿಕೊಂಡಳು. ಮಾತುಕತೆ ಮುರಿಯಲು ಹಿಡಿದ ಹೊತ್ತು ಒಂದು ಬೀಡಿ ಹಚ್ಚುವಷ್ಟು.

ಮನೆಗೆ ಬರುವಾಗ ನನಗೆ ಬಸಪ್ಪನ ಮೇಲೆ ಸಿಟ್ಟಿರಲಿಲ್ಲ, ಶಿವಪ್ಪನ ಮೇಲೂ ಇರಲಿಲ್ಲ. ಹಿಂದೆಯೂ ಇವರಿಬ್ಬರು ಹೀಗೇ ಕಾದಿದ್ದಾರೆ. ನಮ್ಮ ಜಮಖಾನದ ಮೇಲೇ ಒಂದಿಡೀ ಮಧ್ಯಾಹ್ನ ಬೈದಾಡಿ, ಸಂಜೆ ಒಂದೇ ತಾಟಿನಲ್ಲಿ ಚುರುಮುರಿ ತಿಂದಿದ್ದಾರೆ. ಮನುಷ್ಯರು ಬದಲಾಗಿಲ್ಲ, ಕೂಡುವ ರೀತಿ ಬದಲಾಗಿದೆ. ನಮ್ಮ ಹಿರಿಯರು ದೊಡ್ಡ ಶಾಂತಮೂರ್ತಿಗಳೆಂದು ಹೊಗಳುವವರನ್ನು ಕಂಡರೆ ನನಗೆ ನಗು ಬರುತ್ತದೆ, ಅವರೂ ಹೊಡೆದಾಡುವವರೇ. ಏಳುವುದು ತಡವಾಗುತ್ತಿತ್ತು, ಅಷ್ಟೇ ವ್ಯತ್ಯಾಸ. ಆ ತಡವನ್ನು ನಾವು ಅಟ್ಟಕ್ಕೆ ಹಾಕಿದೆವು, ಚೀಲದಲ್ಲಿ ಕಟ್ಟಿ.

ಮರುದಿನ ಸೋಮವಾರ. ಶ್ರಾವಣ ಸೋಮವಾರದ ಫಳಾರಕ್ಕೆ ಬನ್ನಿರೆಂದು ಎರಡೂ ಮನೆಗೆ, ಒಬ್ಬರಿಗೊಬ್ಬರ ಸುದ್ದಿ ಹೇಳದೆ, ಕರೆ ಕಳಿಸಿದೆ. ಆಮೇಲೆ ಆರೂ ಕುರ್ಚಿಗಳನ್ನು ಸಬಕಾರ ಹಚ್ಚಿ ತೊಳೆದು ಮಾಳಿಗೆಯ ಮೇಲೆ ಒಣಹಾಕಿಸಿದೆ. ಅವು ಮಲಿನವಾಗಿರಲಿಲ್ಲ, ಯಾರಾದರೂ ಕೇಳಿದರೆ ಹೇಳುವುದಕ್ಕೆ ಒಂದು ಕಾರಣ ಬೇಕಿತ್ತು. ಜಮಖಾನ ಕೆಳಗಿಳಿಯಿತು. ಮಡಿಕೆಯ ಗುರುತು ಬಿದ್ದಿತ್ತು, ನವಿಲಿನ ಬಣ್ಣ ಮಾತ್ರ ಒಂದಿಷ್ಟೂ ಕುಂದಿರಲಿಲ್ಲ.

ಬಸಪ್ಪ ಬಂದು ನೋಡಿದ. “ಏನ್ರಿ ಅಕ್ಕಾರ, ಕುರ್ಚಿ ಮಾರಿದ್ರೇನು?”

“ತೊಳದು ಹಾಕೀನಿ, ಹಸಿ ಅದಾವ. ಹಸಿ ಕುರ್ಚಿ ಮ್ಯಾಲ ಕುಂತು ಧೋತರ ಕೆಡಿಸ್ಕೊಂತೀರೇನು? ಕೆಳಗ ಕುಂದರ್ರಿ.”

ಕೂತ. ಬೆನ್ನಿಗೇ ಶಿವಪ್ಪ ಬಂದ. ಅಣ್ಣನನ್ನು ಕಂಡು ಬಾಗಿಲಲ್ಲೇ ತಿರುಗಿದವನ ಕೈಗೆ ಅವಲಕ್ಕಿಯ ತಾಟು ಕೊಟ್ಟೆ. ತುಂಬಿದ ತಾಟು ಹಿಡಿದು ಓಡುವುದು ಹೇಗೆ? ಅವನೂ ಕೂತ. ಅವನ ಹಿಂದೆ ಬಂದ ಗಂಗವ್ವ ಅಡುಗೆಮನೆಯ ಕಡೆ ಸರಿಯುತ್ತಿದ್ದಳು. ಅವಳ ಸೆರಗು ಹಿಡಿದು ಅಂಚಿನಲ್ಲಿ ಕೂಡಿಸಿ, ಪಕ್ಕದಲ್ಲಿ ನಾನೂ ಕೂತೆ, ಮೊಣಕಾಲು ಕಿರಿಚಿದರೂ ಲೆಕ್ಕಿಸದೆ. ಚಹಾ ಮುಗಿಯುವ ಮೊದಲೇ ಹಾದಿಯ ಮಾತು ಬಂತು. ಬರದೆ ಏನು, ಇಬ್ಬರ ಗಂಟಲಲ್ಲೂ ಅದೇ ಇತ್ತು.

“ಲೇ ಶಿವ್ಯಾ, ಒಂದ್ ಮಾತು ಕೇಳಿದ್ದೇನಲೇ ನನ್ನ? ಮಂದಿ ಬಾಯಿಂದ ಗೊತ್ತಾಗ್ಬೇಕೇನು ನನಗ?” ಎಂದು ಬಸಪ್ಪ ತಾಟನ್ನು ಕುಕ್ಕಿದ.

“ಕೇಳಾಕ ನೀ ಮಾರಿ ತೋರಿಸ್ಬೇಕಲ್ಲೋ ಅಣ್ಣಾ!”

“ಏ, ಸಾಕು. ನಾ ಹೊಂಟೆ,” ಎಂದು ಬಸಪ್ಪ ಏಳಲು ಹೋದ. ಅಂಗೈ ಊರಿದ, ಒಂದು ಕಾಲು ಬಿಡಿಸಿದ. ಇನ್ನೊಂದು ಜೋಮು ಹಿಡಿದಿತ್ತು. ಅರ್ಧ ಎದ್ದವನು ‘ಅಯ್ಯಯ್ಯಯ್ಯೋ’ ಎನ್ನುತ್ತ ನವಿಲಿನ ಮೇಲೇ ಕುಸಿದು ಕೂತು ಮೀನಖಂಡ ತಿಕ್ಕಿಕೊಳ್ಳತೊಡಗಿದ. ಶಿವಪ್ಪನಿಗೆ ನಗು ತಡೆಯಲಾಗಲಿಲ್ಲ. ನೋಡಿ, ಇದೇ ಆ ಅರೆಗಳಿಗೆ.

ಆಗ ಅಂಚಿನಿಂದ ಗಂಗವ್ವನ ದನಿ ಬಂತು. “ಭಾವಾರ, ನಿಮ್ಮ ಹೆಸರೂ ಕೊಯ್ಲಿಗಿ ಬಂದೈತಲ್ರಿ. ಮಷೀನು ಮೊದಲ ನಿಮ್ಮ ಹೊಲಕ್ಕ ಇಳೀಲಿ. ನಿಮ್ಮದು ಕೊಯ್ಕೊಂತ ಬಂದ್ರ ಹಾದಿ ತಾನ ಆಗ್ತೈತಿ. ಅದರ ಹಿಂದ ನಮ್ಮದು.”

ಬಸಪ್ಪ ಕಾಲು ತಿಕ್ಕುವುದನ್ನು ನಿಲ್ಲಿಸಿದ. ತುಳಿಯುವುದಕ್ಕೆ ಬೆಳೆಯೇ ಇರದ ಮೇಲೆ ಜಗಳ ಎಲ್ಲಿ ನಿಲ್ಲಬೇಕು?

“ಇದನ್ನ ನಿನ್ನೇನ ಯಾಕ ಹೇಳಲಿಲ್ಲವಾ ತಂಗಿ?” ಎಂದ.

“ನಿಂತಿದ್ನಿರಿ. ನಿಂತಾಕಿನ ಯಾರು ಕೇಳ್ತಾರ್ರಿ?”

ನನ್ನ ಸಿಟ್ಟಿಗೆಲ್ಲ ಆ ಒಂದು ಮಾತಿನಲ್ಲಿ ಕಾರಣ ಸಿಕ್ಕಿತು. ಏಳು ಕುರ್ಚಿಗಳ ಮೇಲೆ ಏಳು ಜನ ಜಾಣರು ಕೂತಿದ್ದೆವು, ನಾನೂ ಸೇರಿ. ಉಪಾಯ ಮಾತ್ರ ಚೌಕಟ್ಟಿಗೆ ಒರಗಿ ನಿಂತಿತ್ತು. ನೀವು ಕುರ್ಚಿ ಕೊಳ್ಳಿ, ಸೋಫಾ ಕೊಳ್ಳಿ, ಬೇಡವೆನ್ನಲು ನಾನು ಯಾರು? ಆದರೆ ಮನೆಯಲ್ಲಿ ಒಂದು ಹಾಸನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಹೊಲದ ಮಾತು, ಹೆಣ್ಣಿನ ಮಾತು, ಮುನಿಸಿನ ಮಾತು ಬಂದ ದಿನ ಕುರ್ಚಿಗಳನ್ನು ತೊಳೆಯಲು ಹಾಕಿ.

ಮಷೀನು ಮೊದಲು ಬಸಪ್ಪನ ಹೊಲಕ್ಕೆ ಎಂದು ಮಾತಾಗಿ ಎಲ್ಲರೂ ಎದ್ದರು. ನಾನು ಏಳಲಿಲ್ಲ; ಏಳಲಾಗಲಿಲ್ಲ. ಎರಡೂ ಮೊಣಕಾಲು ಕಲ್ಲಾಗಿದ್ದವು. ಬಸಪ್ಪ, “ತಡೀರಿ ಅಕ್ಕಾರ, ಮ್ಯಾಲಿಂದ ಕುರ್ಚಿ ತರ್ತೀನಿ, ಹಿಡಕೊಂಡು ಏಳ್ರಿ,” ಎಂದು ಮೆಟ್ಟಿಲ ಕಡೆ ಹೊರಟ.

“ಕುರ್ಚಿ ತಂದ್ರ ಕಾಲು ಮುರೀತೀನಿ,” ಎಂದೆ. ಯಾರ ಕಾಲೆಂದು ಹೇಳಲಿಲ್ಲ.

ಅವನು ತಿರುಗಿ ಬಂದ. ನನ್ನ ಬಲರಟ್ಟೆ ಹಿಡಿದು, ಎಡಗಡೆ ಸುಮ್ಮನೆ ನಿಂತಿದ್ದ ತಮ್ಮನ ಕಡೆ ನೋಡಿ ಗದರಿದ: “ಏನ್ ನೋಡ್ಕೊಂತ ನಿಂತೀಲೇ? ಆ ಕಡೆ ಹಿಡಿ.” ಶಿವಪ್ಪ ಹಿಡಿದ. ಇಬ್ಬರೂ ಒಂದೇ ಉಸಿರಿಗೆ ನನ್ನನ್ನು ಎತ್ತಿ ನಿಲ್ಲಿಸಿದರು.

ಬುಧವಾರ ಎರಡೂ ಹೊಲದ ಕೊಯ್ಲು ಮುಗಿಯಿತು, ಗುರುವಾರ ನಸುಕಿನಲ್ಲಿ ಮಳೆ ಹಿಡಿಯಿತು. ಗಂಗವ್ವನ ಹೆಸರುಕಾಳಿನ ಚೀಲಗಳು ಬಸಪ್ಪನ ಹೊಸ ಹಾಲಿನಲ್ಲಿ, ಆ ಎತ್ತರದ ಕುರ್ಚಿಯನ್ನು ಮೂಲೆಗೆ ಒತ್ತಿ, ಬೆಚ್ಚಗೆ ಕೂತಿವೆ. ಜಮಖಾನ ಪಡಸಾಲೆಯಲ್ಲೇ ಇದೆ. ಮಡಿಕೆಯ ಗುರುತು ಮಾಸುತ್ತಿದೆ, ಖಾತೂನಬಿ ಹೇಳಿದಂತೆ ಮೆತ್ತಗಾಗುತ್ತಿದೆ. ನೀಲಿ ಕುರ್ಚಿಗಳು ಮಾತ್ರ ಇನ್ನೂ ಮಾಳಿಗೆಯ ಮೇಲೆ, ಸಾಲಾಗಿ, ಮಳೆಯಲ್ಲಿ ನೆನೆಯುತ್ತಿವೆ. ಇಳಿಸಲೇನ್ರಿ ಎಂದು ಮನೆಯಲ್ಲಿ ಕೇಳಿದರು. ಇನ್ನೂ ಹಸಿ ಇವೆ, ಇರಲಿ ಎಂದೆ.