ಸ್ಲಾನ್: ಹೊರಟವರ ಮಾತು, ಉಳಿದವರ ಮಾತು

ಐರಿಷ್ ನಿಘಂಟುಶಾಸ್ತ್ರದಲ್ಲಿ, ಒಂದೊಂದು ಪದವನ್ನೂ ಅದನ್ನಾಡುವವರ ಮನೆಬಾಗಿಲಿಗೇ ಹೋಗಿ ಕೇಳಿ ತಂದ ಕೊನೆಯ ತಲೆಮಾರಿನ ವಿದುಷಿ ನ್ಯಾಸಾ ನಿ ಖೂಲಾನ್ ಅವರು. ಕಾರ್ನದ ಕಡಲತೀರದಲ್ಲಿ ಮೀನುಗಾರರ ಮಗಳಾಗಿ ಹುಟ್ಟಿ, ತರುಣಿಯಾಗಿ ಡಬ್ಲಿನ್ನಿನ ನಮ್ಮ ನಿಘಂಟು ಕಚೇರಿಗೆ ಬಂದ ಅವರಿಗೆ ವಹಿಸಿದ ಅಕ್ಷರ 'ಸ'. ಆ ಅಕ್ಷರದಲ್ಲೇ ಅವರ ತಲೆ ನರೆಯಿತು.

'ಸ್ಲಾನ್' ಅವರ ಅಕ್ಕರೆಯ ಪದ. ಮೂಲದಲ್ಲಿ ಅದು ಇಡಿಯಾದದ್ದು, ಊನವಿಲ್ಲದ್ದು ಎಂಬ ಅರ್ಥದ ಗುಣವಾಚಕ. ನಮ್ಮ 'ಸರ್ವ' ಅದರ ದೂರದ ನೆಂಟ. ಗಾಯಕ್ಕೆ ಅರೆದು ಹಚ್ಚುವ ಸೊಪ್ಪಿನ ಹೆಸರಿನಲ್ಲೂ, ಇಷ್ಟು ವರ್ಷ ತುಂಬಿತು ಎನ್ನುವ ಕ್ರಿಯಾಪದದಲ್ಲೂ ಅದೇ ಇದೆ. ಬೀಳ್ಕೊಡುವಾಗ ಮಾತ್ರ ಅದು ಎರಡು ದಾರಿ ಹಿಡಿಯುತ್ತದೆ. ಹೊರಟವರು ಉಳಿದವರಿಗೆ 'ಸ್ಲಾನ್ ಅಗತ್', ಅಂದರೆ ಕ್ಷೇಮ ನಿನ್ನ ಬಳಿ ಇರಲಿ, ಎನ್ನಬೇಕು. ಉಳಿದವರು ಹೊರಟವರಿಗೆ 'ಸ್ಲಾನ್ ಲ್ಯಾತ್', ಕ್ಷೇಮ ನಿನ್ನ ಜೊತೆ ಬರಲಿ, ಎನ್ನಬೇಕು. 'ಬರ್ತೀನಿ', 'ಹೋಗ್ಬನ್ನಿ' ಎಂಬವು ಅದಲುಬದಲಾದರೆ ಕನ್ನಡಿಗರಾದ ನಮಗೆ ಹೇಗೋ ಅವರಿಗೂ ಹಾಗೆಯೇ.

ನ್ಯಾಸಾ ಅವರಿಗೆ ಪದಗಳನ್ನು ಧಾರೆಯೆರೆದ ಕಾರ್ನದ ಬೈಬೀನಜ್ಜಿ ಗಾಲ್ವೇ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಾಗ, ಇವರು ವಾರವಾರವೂ ಬಸ್ಸು ಹತ್ತಿ ಹೋಗಿ ಆಕೆಯ ತಲೆ ಬಾಚಿ ಬರುತ್ತಿದ್ದರು. ಒಂದು ಸಂಜೆ ಎದ್ದು ನಿಂತು, "ಸ್ಲಾನ್ ಅಗತ್, ಅಜ್ಜಿ" ಎಂದರು. ಅಜ್ಜಿ ಕೈ ಬಿಡಲಿಲ್ಲ.

"ಅದು ನನ್ ಮಾತು ಕಣೇ. ಹೊರಟಿರೋಳು ನಾನು. ನೀನು ಇನ್ನೊಂದು ಹೇಳು."

ನ್ಯಾಸಾ ಮತ್ತೆ ಹಾಸಿಗೆಯ ಅಂಚಿನಲ್ಲಿ ಕುಳಿತರು.

"ಹೇಳ್ಬಿಡೇ ಕಂದಾ, ಬಸ್ಸು ತಪ್ಪತ್ತೆ."

ಹೇಳಿದರು. ಮರುವಾರ ಅವರು ಹೋದದ್ದು ಅಜ್ಜಿಯ ಮಣ್ಣಿಗೆ.

ಆ ಮಾತುಗಳನ್ನೇ ಉದಾಹರಣೆಯಾಗಿಟ್ಟು ಅವರು ಬರೆದ ವಿವರಣೆಯನ್ನು, ಅಚ್ಚಿನ ಹೊತ್ತಿಗೆ ಆಗಿನ ನಿರ್ದೇಶಕರು ಒಂದು ಸಾಲಿಗೆ ಇಳಿಸಿದರು: ಎರಡೂ ರೂಪಗಳು ಸಮಾನ.

"ಈಗ ಇದನ್ನೆಲ್ಲ ಯಾರ್ರೀ ನೋಡ್ತಾರೆ? ಕಲಿಯೋರಿಗೆ ಸುಮ್ನೆ ಗೊಂದಲ" ಎಂದರು ಅವರು.

"ಸಾಯೋಳು ನೋಡಿದ್ಲು" ಎಂದರು ನ್ಯಾಸಾ.

ಕೊನೆಗೆ ಸಭೆಯಲ್ಲಿ, ಮುಂದಿನ ಮುದ್ರಣದಲ್ಲಿ ನೋಡೋಣ ಎಂದಾಯಿತು. ಸಂಪಾದಕರ ಸಾಲಿನಿಂದ ತಮ್ಮ ಹೆಸರನ್ನು ತೆಗೆಯಿರೆಂದು ನ್ಯಾಸಾ ಕೇಳಿದರು. ಆ ಒಂದು ತಿದ್ದುಪಡಿಯನ್ನು ಮಾತ್ರ ಕಚೇರಿ ಅಂದೇ ಮಾಡಿತು.

ನಿವೃತ್ತಿಯ ದಿನ ನಿರ್ದೇಶಕರು ಗಾಜಿನ ಬೋಗುಣಿಯನ್ನು ಕೈಗಿತ್ತು, ತುಂಬುಕಂಠದಿಂದ, "ಸ್ಲಾನ್ ಅಗತ್, ನ್ಯಾಸಾ!" ಎಂದರು. ಚಪ್ಪಾಳೆ ಬಿತ್ತು.

"ನೀವೆಲ್ಲಿಗ್ ಹೊರಟ್ರಿ ಸ್ವಾಮಿ?" ಎಂದು ಕೇಳಿದರು ನ್ಯಾಸಾ.

ಎಲ್ಲರೂ ನಕ್ಕರು. ಅವರು ನಗಲಿಲ್ಲ. ಬೋಗುಣಿ ಮೇಜಿನ ಮೇಲೆಯೇ ಉಳಿಯಿತು.

ಈಗ ಅವರು ಕಾರ್ನದಲ್ಲಿದ್ದಾರೆ. ಇನ್ನೂ ಬಾಗಿಲು ಬಾಗಿಲಿಗೆ ಹೋಗಿ ಪದ ಕೇಳುತ್ತಿದ್ದಾರೆ. ಅವರ ಗೌರವಾರ್ಥ ತರುತ್ತಿರುವ ಈ ಅಭಿನಂದನ ಸಂಪುಟಕ್ಕೆ ಒಪ್ಪಿಗೆ ಬೇಡಿದಾಗ, "ಹೊಗಳೋದಿರ್ಲಿ, ಆ ಪುಟ ತಿದ್ರಪ್ಪ" ಎಂದಷ್ಟೇ ಹೇಳಿದರು. ಆ ಪುಟ ತಿದ್ದಿ ಅಚ್ಚಾಗುವವರೆಗೆ ಅವರು ಬಾಳಲಿ, ಬರೆಯುತ್ತಿರಲಿ. ನಮ್ಮ ಕಚೇರಿಯ ನಡಿಗೆ ಬಲ್ಲವರಿಗೆ ಗೊತ್ತು, ಇದಕ್ಕಿಂತ ದೊಡ್ಡ ಆಯುಸ್ಸನ್ನು ಯಾರೂ ಯಾರಿಗೂ ಹಾರೈಸಲಾರರು.