ಸ್ವಿಚ್ ಹಾಕದೆ ಕಂಡ ಬೆಳಕು

ನಮ್ಮ ಫಿಸಿಕ್ಸ್ ಸರ್ ಅವರ ಹೆಬ್ಬೆರಳಿನ ಉಗುರು ಕಪ್ಪು, ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿದ್ದು. ಸುಟ್ಟ ಪಂಪಿನ ತಾಮ್ರದ ತಂತಿ ಬಿಚ್ಚಿ ಕಾಯಿಲ್ ಸುತ್ತಿ ಸುತ್ತಿ ಆದ ಉಗುರು ಅದು. ಮೂಡುಬಿದಿರೆಯ ಕಾಲೇಜಿನಲ್ಲಿ ಆ ಕಣ್ಣಿನ ಮಿಮಿಕ್ರಿ ಮಾಡಿ ನಾನು ಗೆಳೆಯರಿಂದ ಕ್ಯಾಂಟೀನಿನ ಗೋಳಿಬಜೆ ಸಂಪಾದಿಸುತ್ತಿದ್ದೆ. ಮಾರ್ಕು ಸಂಪಾದಿಸುವ ಕಲೆ ನನ್ನಲ್ಲಿರಲಿಲ್ಲ.

ಒಮ್ಮೆ ಲ್ಯಾಬಿನ ಕಿಟಕಿಗೆಲ್ಲ ಕಪ್ಪು ಬಟ್ಟೆ ಕಟ್ಟಿದರು. ಬಲ್ಬಿನ ಮುಂದೆ ಎರಡು ಪೋಲರಾಯ್ಡ್ ಹಾಳೆ; ಒಂದು ನೆಟ್ಟಗೆ, ಒಂದು ಅಡ್ಡ, ಬೆಳಕು ದಾಟದ ಹಾಗೆ. ನಡುವೆ ಕಾಯಿಲಿನೊಳಗೆ ಸೀಸ ಬೆರೆತ ಗಾಜು.

"ಕರೆಂಟ್ ಕೊಟ್ರೆ ಕಾಯಿಲ್ ಅಯಸ್ಕಾಂತ ಆಗ್ತದೆ, ಬೆಳಕನ್ನು ಒಂಚೂರು ತಿರುಗಿಸ್ತದೆ. ಆಗ ಒಂದು ಎಳೆ ಆಚೆ ಬರ್ತದೆ. ಇದನ್ನು ಮೊದಲು ಕಂಡ ವಿಜ್ಞಾನಿ ಬುಕ್ ಬೈಂಡಿಂಗ್ ಕೆಲಸದಿಂದ ಬಂದವ. ಎಷ್ಟೋ ಗಾಜು ಇಟ್ಟು ನೋಡಿ, ಕಾಣಲಿಲ್ಲ ಅಂತಲೇ ಬರೆದಿಟ್ಟವ."

ಮೊದಲು ನನ್ನನ್ನೇ ಕರೆದರು. ಕಣ್ಣಿಟ್ಟೆ. ಟಕ್ ಎಂದಿತು.

"ಕಂಡಿತಾ?"

"ಕಂಡಿತು ಸರ್, ಭಾರೀ ಲಾಯ್ಕ ಉಂಟು!"

"ಅದು ನನ್ನ ಉಗುರಿನ ಶಬ್ದ. ಸ್ವಿಚ್ ಹಾಕಲೇ ಇಲ್ಲ ಮಾರಾಯ. ನಿನಗೆ ಹೇಗೆ ಕಂಡಿತು?"

ಆಮೇಲೆ ನಿಜವಾಗಿ ಹಾಕಿದರು. ಕತ್ತಲಲ್ಲಿ ಮಸುಕಾಗಿ ಒಂದು ಎಳೆ ಬೆಳಕು ಬಂತು. ಸರ್ ಭುಜ ಹಿಡಿದು ಎಳೆಯುವವರೆಗೂ ನಾನು ಕಣ್ಣು ತೆಗೆಯಲಿಲ್ಲ.

ಅದೇ ವಾರ ಪ್ರಿನ್ಸಿಪಾಲರು ತರಗತಿಗೆ ಬಂದು ಕೇಳಿದರು: "ಎಂಟ್ರೆನ್ಸಿಗೆ ಇಲ್ಲದ್ದನ್ನು ಮಾಡಿ ಸರ್ ನಿಮ್ಮ ಟೈಮ್ ಹಾಳು ಮಾಡ್ತಾರಂತೆ, ಹೌದಾ?" ಇಲ್ಲ ಅನ್ನಬೇಕಿತ್ತು. ನನ್ನ ದರಿದ್ರ ಮೋರೆ ಎಡಗಣ್ಣು ಅರ್ಧ ಮುಚ್ಚಿ "ಕಂಡಿತಾ?" ಎಂದಿತು. ತರಗತಿ ನಕ್ಕಿತು. ಪ್ರಿನ್ಸಿಪಾಲರಂತೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೋಮವಾರದಿಂದ ಸರ್ ಇಲ್ಲ, ಕೆಲಸದಿಂದ ತೆಗೆದಿದ್ದರು. ಕಾಯಿಲ್, ಗಾಜು ಗುಜರಿಗೆ. ಆ ನಗು ನೆನಪಾದರೆ ಈಗಲೂ ಮೊದಲು ಪ್ರಿನ್ಸಿಪಾಲರ ಕೆನ್ನೆಗೆ, ಆಮೇಲೆ ನನ್ನದಕ್ಕೆ ಬಾರಿಸಬೇಕು ಅನಿಸುತ್ತದೆ.

ತೋಡಾರಿನಲ್ಲಿದ್ದ ಸರ್ ಮನೆಗೆ ಹೋಗಿ ಕ್ಷಮೆ ಕೇಳಿದೆ. ಬೈದಿದ್ದರೆ ಬದುಕುತ್ತಿದ್ದೆ. "ಎಲ್ಲಿ, ಮಾಡಿ ತೋರಿಸು" ಎಂದರು. ಮಾಡಿದೆ. "ಕಣ್ಣು ಸರಿ ಉಂಟು. ಸ್ವರ ಸ್ವಲ್ಪ ದಪ್ಪ ಆಗಬೇಕು."

ಕಳೆದ ತಿಂಗಳು ಸರ್ ತೀರಿಕೊಂಡರು. ಬೊಜ್ಜದ ದಿನ, ಉತ್ತರಕ್ರಿಯೆ ಮುಗಿದು ಊಟಕ್ಕೆ ಮೊದಲು, ಮನೆಯಂಗಳದಲ್ಲಿ ನುಡಿನಮನ. ಮೈಕ್ ಹಿಡಿದವರು ಅದೇ ಪ್ರಿನ್ಸಿಪಾಲರು. "ಅವರ ಪ್ರಯೋಗಗಳಲ್ಲಿ ನಾವೆಲ್ಲ ವಿಜ್ಞಾನದ ಬೆಳಕು ಕಂಡೆವು..."

ನನ್ನ ಮೈ ಉರಿದುಹೋಯಿತು. ಎದ್ದು ನಿಂತೆ. ಎಡಗಣ್ಣು ಅರ್ಧ ಮುಚ್ಚಿದೆ, ಸ್ವರ ದಪ್ಪ ಮಾಡಿದೆ.

"ಸ್ವಿಚ್ ಹಾಕಲೇ ಇಲ್ಲ ಮಾರಾಯ. ನಿನಗೆ ಹೇಗೆ ಕಂಡಿತು?"

ಈ ಸಲ ಯಾರೂ ನಗಲಿಲ್ಲ. ಒಳಗೆ ಎಲೆ ಹಾಕುತ್ತಿದ್ದ ಸರ್ ಅವರ ಹೆಂಡತಿ ಮಾತ್ರ ಆ ಸ್ವರ ಕೇಳಿ ಗಕ್ಕನೆ ತಲೆಯೆತ್ತಿ ಬಾಗಿಲ ಕಡೆ ನೋಡಿದರು.